ಫಾರಂ ಮಡಚಿಟ್ಟ ಮೇಲೆ

ಪೀಣ್ಯದ ಗಾರ್ಮೆಂಟ್ಸ್ ಹೆಣ್ಮಕ್ಕಳ ಮುಂದೆ ಸರ್ವೇ ಫಾರಂ ತೆಗೆದರೆ ಒಂದೇ ಉತ್ತರ: ‘ಏನೂ ತೊಂದ್ರೆ ಇಲ್ಲ ಮೇಡಂ.’ ಟೀ ಅಂಗಡಿ ಹತ್ರ ‘ಯಾವೂರಕ್ಕ ನಿಮ್ದು?’ ಅಂತ ಶುರುವಾದ ಹರಟೆಯಲ್ಲೇ ಗೊತ್ತಾಗಿದ್ದು, ಶೌಚಾಲಯಕ್ಕೆ ಎದ್ದರೆ ಟಾರ್ಗೆಟ್ ತಪ್ಪುತ್ತೆ ಅಂತ ಒಬ್ಬರು ಮಧ್ಯಾಹ್ನದವರೆಗೂ ನೀರೇ ಕುಡಿಯಲ್ಲ.

ಟ್ರಿನಿಡಾಡ್‌ನವರು ಹೀಗೆ ಸೇರಿ ಹರಟೋದಕ್ಕೆ ‘ಲೈಮಿಂಗ್’ ಅಂತಾರೆ; ಈಗ ಅದೂ ಒಂದು ಸಂಶೋಧನಾ ವಿಧಾನ. ನಮಗೇನು ಹೊಸದಲ್ಲ ಬಿಡಿ. ಮೈಸೂರಿನ ಎಂ.ಎನ್. ಶ್ರೀನಿವಾಸ್ 1948ರಲ್ಲೇ ‘ರಾಂಪುರ’ದಲ್ಲಿ ಉಳಿದು ಜನರ ಜೊತೆ ಮಾತಾಡುತ್ತಲೇ ಊರನ್ನು ಅರಿತರು. 1970ರಲ್ಲಿ ವಿಂಗಡಿಸಿಟ್ಟ ಟಿಪ್ಪಣಿಗಳು ಸುಟ್ಟುಹೋದಾಗ ನೆನಪಿನಿಂದಲೇ ಪುಸ್ತಕ ಬರೆದರು.

ಆದ್ರೆ ಹರಟೆಯಲ್ಲಿ ಕೇಳಿದ್ದನ್ನ ರಿಪೋರ್ಟಿಗೆ ಹಾಕಬಹುದಾ? ಆ ಅಕ್ಕನನ್ನೇ ಕೇಳಿದೆ.

‘ನೀರಿನ ವಿಷ್ಯ ಬರಿಯಮ್ಮ. ನನ್ನ ಲೈನ್ ನಂಬರ್ ಮಾತ್ರ ಬೇಡ’ ಅಂದ್ರು.