ಎಂಟನೆಯ ತರಗತಿಗೇ ಶಾಲೆ ಬಿಟ್ಟವನ ಹಾಡುಗಳು

ಮೂವತ್ತು ವರ್ಷಗಳಿಗೂ ಮಿಕ್ಕಿ ಲಘು-ಗುರುಗಳ ಗಂಟು ಬಿಡಿಸುವುದರಲ್ಲಿಯೇ ಕಾಲ ಕಳೆದ ನಾನು ಅಮೆರಿಕೆಯ ರ‍್ಯಾಪ್ ಹಾಡುಗಳ ಬಗೆಗೆ ಬರೆಯಲು ಕುಳಿತಿರುವುದನ್ನು ಕಂಡು, ನನ್ನ ಹಳೆಯ ವಿದ್ಯಾರ್ಥಿಗಳು ಮೇಷ್ಟ್ರಿಗೆ ಅರುಳುಮರುಳು ಆರಂಭವಾಯಿತೆಂದು ನಗಬಹುದು. ನಗಲಿ. ಪೂರ್ತಿ ಓದಿ ನಕ್ಕರೆ ನನ್ನ ಆಕ್ಷೇಪಣೆಯಿಲ್ಲ.

ಕಳೆದ ಬೇಸಗೆಯಲ್ಲಿ ನನ್ನ ಅಣ್ಣನ ಮೊಮ್ಮಗ ಒಂದು ವಾರ ನಮ್ಮ ಮನೆಯಲ್ಲಿದ್ದನು. ಹಗಲೂ ರಾತ್ರಿ ಕಿವಿಗೆ ಏನನ್ನೋ ಸಿಕ್ಕಿಸಿಕೊಂಡು ತಲೆದೂಗುತ್ತಿದ್ದವನನ್ನು ನಾನು ಗದರಿದಾಗ, "ಚಿಕ್ಕತಾತ, ನೀವು ಪ್ರಾಸದ ಮೇಷ್ಟ್ರಲ್ಲವೇ, ಇದನ್ನು ಒಮ್ಮೆ ಕೇಳಿ ಆಮೇಲೆ ಬಯ್ಯಿರಿ" ಎಂದನು. ಹಾಡಿನ ಪಠ್ಯವನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿಯೂ ಕೊಟ್ಟನು. ಅದು ನಾಸ್ ಎಂದು ಕರೆಯಲ್ಪಡುವ ನಾಸಿರ್ ಜೋನ್ಸನ ಮೊದಲ ಧ್ವನಿಮುದ್ರಿಕೆ, 'ಇಲ್‌ಮ್ಯಾಟಿಕ್'. 1994ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು. ಆಗ ಆತನಿಗೆ ಇಪ್ಪತ್ತೇ ವರ್ಷ. ಹತ್ತು ತುಣುಕುಗಳು, ಒಟ್ಟು ನಲವತ್ತು ನಿಮಿಷಕ್ಕೆ ಒಂದಿಷ್ಟು ಕಡಿಮೆ. ನಮ್ಮ ಶಾಲೆಯ ಒಂದು ಪೀರಿಯಡ್ಡಿಗೆ ಸರಿಯಾಗುತ್ತದೆ.

ಮೊದಲ ಸಲ ಕೇಳಿದಾಗ ನನಗೆ ತಿಳಿದದ್ದು ಅತ್ಯಲ್ಪ, ಕಿವಿಗೆ ಬಿದ್ದ ಕೆಟ್ಟ ಮಾತುಗಳೇ ಹೆಚ್ಚು. ಈ ಸಂಗತಿಯನ್ನು ನಾನು ಮುಚ್ಚಿಡುವುದಿಲ್ಲ. ಮಾದಕ ವಸ್ತು, ಪಿಸ್ತೂಲು, ಪೋಲೀಸರು, ಸೆರೆಮನೆ ಇವೆಲ್ಲ ಅದರಲ್ಲಿ ಧಾರಾಳವಾಗಿವೆ. ಹೆಂಗಸರ ಬಗೆಗಿನ ಕೆಲವು ಮಾತುಗಳನ್ನು ನಾನು ಇಂದಿಗೂ ಒಪ್ಪಲಾರೆ. ಆದರೆ ಎರಡನೆಯ ಸಲ, ಚಟವನ್ನು ಬಿಡಲಾರದೆ, ಪೆನ್ಸಿಲ್ ಹಿಡಿದು ಕುಳಿತೆ. ನಾಲ್ಕು ಪೆಟ್ಟುಗಳ ತಾಳ ಕೆಳಗೆ ನಡೆದಿರುತ್ತದೆ. ಅದರ ಮೇಲೆ ಮಾತು ತನ್ನ ಪಾಡಿಗೆ ಓಡುತ್ತದೆ. ವಾಕ್ಯವು ಸಾಲಿನ ಕೊನೆಗೆ ನಿಲ್ಲದೆ ಮುಂದಿನ ಸಾಲಿನ ನಡುವಿನವರೆಗೂ ಹರಿದು ಅಲ್ಲಿ ವಿರಮಿಸುತ್ತದೆ. ಸರಳರಗಳೆಯ ಪಾಠದಲ್ಲಿ ನಿಮಗೆ ಇದನ್ನೇ ಹೇಳಿಕೊಟ್ಟಿದ್ದೆನಲ್ಲವೇ? ನಮ್ಮಲ್ಲಿ ಪಾದದ ಎರಡನೆಯ ಅಕ್ಷರಕ್ಕೆ ಪ್ರಾಸವಿಡುವುದು ಹಿಂದಿನವರ ಕಟ್ಟಳೆ. ಈತನ ಪ್ರಾಸ ಕೊನೆಯಲ್ಲಿಯೂ ಇದೆ, ನಡುವೆಯೂ ಇದೆ. ಒಂದು ಅಕ್ಷರಕ್ಕೆ ತೃಪ್ತನಾಗದೆ ಮೂರು ನಾಲ್ಕು ಅಕ್ಷರಗಳ ಸ್ವರಗಳನ್ನೇ ಸಾಲಾಗಿ ಹೊಂದಿಸಿಕೊಂಡು ಹೋಗುತ್ತಾನೆ. ಪುಟದ ತುಂಬ ಗೆರೆ ಎಳೆದು ನನ್ನ ಪೆನ್ಸಿಲ್ ಮೊಂಡಾಯಿತು.

ಈತ ಬೆಳೆದದ್ದು ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಡ್ಜ್ ಎಂಬ ಸರ್ಕಾರಿ ವಸತಿ ಸಮುಚ್ಚಯದಲ್ಲಿ. ಮೂರು ಸಾವಿರಕ್ಕೂ ಹೆಚ್ಚು ಮನೆಗಳಿರುವ ಅದು ಇಡೀ ಉತ್ತರ ಅಮೆರಿಕೆಯಲ್ಲಿಯೇ ಅತಿ ದೊಡ್ಡದು. ತಾಯಿ ಅಂಚೆ ಇಲಾಖೆಯ ನೌಕರಳು. ತಂದೆ ಓಲು ದಾರಾ ಜಾಝ್ ಸಂಗೀತಗಾರ. 1992ರಲ್ಲಿ ಬಾಲ್ಯದ ಗೆಳೆಯನೊಬ್ಬ ಅಲ್ಲಿಯೇ ಗುಂಡೇಟಿಗೆ ಬಲಿಯಾದನು. ಮುದ್ರಿಕೆಯ ಮುಖಚಿತ್ರದಲ್ಲಿ ತಂದೆಯೇ ತೆಗೆದ, ಏಳು ವರ್ಷದ ನಾಸಿರನ ಭಾವಚಿತ್ರವಿದೆ. ಆ ಮುಖದ ಮೂಲಕ ಬಡಾವಣೆಯ ಬೀದಿ ಕಾಣಿಸುತ್ತದೆ. ಒಂದು ಹಾಡಿನ ಕೊನೆಯಲ್ಲಿ ಮಾತೆಲ್ಲ ಮುಗಿದ ಮೇಲೆ ತುತ್ತೂರಿಯೊಂದು ಮೆಲ್ಲನೆ ಏಳುತ್ತದೆ. ಅದನ್ನು ನುಡಿಸಿದವನೂ ತಂದೆಯೇ. ಅಷ್ಟು ಹೊತ್ತು ಮಗನ ಕಹಿಮಾತುಗಳನ್ನು ಕೇಳಿಸಿಕೊಂಡವನು ವಾದ ಹೂಡದೆ ಬಂದು ಪಕ್ಕದಲ್ಲಿ ಕುಳಿತಂತೆ ನನಗೆ ತೋರಿತು.

ನನ್ನನ್ನು ಕಲಕಿದ್ದು 'ಒನ್ ಲವ್' ಎಂಬ ಹಾಡು. ಸೆರೆಯಲ್ಲಿರುವ ಗೆಳೆಯರಿಗೆ ಬರೆದ ಪತ್ರಗಳ ರೂಪದಲ್ಲಿದೆ. ಊರಿನಲ್ಲಿ ಯಾರು ಯಾರೊಡನೆ ಜಗಳವಾಡಿದರು, ಹುಟ್ಟಿದ ಮಗು ಯಾರನ್ನು ಹೋಲುತ್ತದೆ, ಹೀಗೆ ನಮ್ಮ ಇನ್‌ಲ್ಯಾಂಡ್ ಪತ್ರಗಳಲ್ಲಿ ಇರುತ್ತಿದ್ದಂಥವೇ ಸುದ್ದಿಗಳು. ಕೊನೆಯ ಭಾಗದಲ್ಲಿ ಆತ ಆಯುಧ ಹೊತ್ತು ತಿರುಗುವ ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಭೇಟಿಯಾಗುತ್ತಾನೆ. ಅವನಿಗೆ ಬೈಯುವುದಿಲ್ಲ, ಪಕ್ಕದಲ್ಲಿ ಕುಳಿತು ಮಾತನಾಡುತ್ತಾನೆ. ತರಬೇತಿ ಕಾಲೇಜಿನಲ್ಲಿ ನಾನು ಬಿ.ಇಡ್. ಮಾಡುವಾಗ ಮನಶ್ಶಾಸ್ತ್ರದ ದಪ್ಪ ಪುಸ್ತಕಗಳಲ್ಲಿ ಹೇಳಿದ್ದುದು ಇದನ್ನೇ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ.

ಈ ನಾಸ್ ಎಂಟನೆಯ ತರಗತಿಯ ನಂತರ ಶಾಲೆಗೆ ಹೋಗಲಿಲ್ಲ. 2013ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವು ಅವನ ಹೆಸರಿನಲ್ಲಿಯೇ ಒಂದು ಸಂಶೋಧನಾ ವೇತನವನ್ನು ಸ್ಥಾಪಿಸಿತು. 2021ರಲ್ಲಿ ಅಮೆರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್ಸು ಈ ಮುದ್ರಿಕೆಯನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಹುಡುಗ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರೆ, ನನಗೆ ಎಂಟನೆಯ ತರಗತಿ ಎಂಬ ಮಾತಿನಿಂದ ಮುಂದಕ್ಕೆ ಏನೂ ಕೇಳಿಸಲಿಲ್ಲ.

1996ರಲ್ಲಿ ನನ್ನ ಎಂಟನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದನು. ಹೆಸರು ಬರೆಯುವುದಿಲ್ಲ, ಆ ವರ್ಷದವರಿಗೆ ನೆನಪಿರುತ್ತದೆ. ನಾನು ಕಪ್ಪುಹಲಗೆಯ ಮೇಲೆ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕುತ್ತಿದ್ದಾಗ ಅವನು ತಲೆ ತಗ್ಗಿಸಿ ನೋಟುಪುಸ್ತಕದಲ್ಲಿ ಗೀಚುತ್ತಿದ್ದನು. ಕಸಿದುಕೊಂಡು ನೋಡಿದೆ. ಬಸ್ಸಿನ ಕಂಡಕ್ಟರು, ಸೊಸೈಟಿಯ ಮುಂದಿನ ಸೀಮೆಎಣ್ಣೆಯ ಸಾಲು, ಇಟ್ಟಿಗೆ ಗೂಡಿನಲ್ಲಿ ದುಡಿಯುವ ಅವನ ಅಪ್ಪ, ಎಲ್ಲರ ಮೇಲೂ ಪದ ಕಟ್ಟಿದ್ದನು. ನನ್ನ ನಡಿಗೆಯ ಮೇಲೂ ನಾಲ್ಕು ಸಾಲುಗಳಿದ್ದವು. ಅವನ್ನು ನಾನೇ ಗಟ್ಟಿಯಾಗಿ ಓದಿದೆ. ತರಗತಿ ನಕ್ಕಿತು. ಸಿಟ್ಟು ಬಂದಿತು. "ಇದು ಪದ್ಯವಲ್ಲ, ಪುಂಡಾಟಿಕೆ" ಎಂದು ಹೇಳಿ ಪುಸ್ತಕವನ್ನು ಮೇಜಿನ ಖಾನೆಯಲ್ಲಿಟ್ಟೆ. ಮರುವಾರದಿಂದ ಅವನು ಬರಲಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೋದನೆಂದರು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ "ಶಾಲೆ ಬಿಟ್ಟಿದ್ದಾನೆ" ಎಂದು ಬರೆದವನೂ ನಾನೇ. ಬಡತನದಿಂದ ಬಿಟ್ಟನೆಂದು ಇಷ್ಟು ವರ್ಷ ಸಮಾಧಾನ ಹೇಳಿಕೊಂಡೆ. ಅದು ಸುಳ್ಳೂ ಅಲ್ಲ.

ಅಣ್ಣನ ಮೊಮ್ಮಗ ಊರಿಗೆ ಹೊರಟ ಮೇಲೆ ಟ್ರಂಕಿನ ತಳದಿಂದ ಆ ಪುಸ್ತಕವನ್ನು ತೆಗೆದೆ. ಅದೇ ಪೆನ್ಸಿಲಿನಿಂದ, ಪ್ರತ್ಯೇಕ ಹಾಳೆಯ ಮೇಲೆ, ಅವನ ಸಾಲುಗಳಿಗೆ ಪ್ರಸ್ತಾರ ಹಾಕಿದೆ. ಮೊದಲ ಪುಟಗಳಲ್ಲಿ ಲೆಕ್ಕ ತಪ್ಪಿದೆ. ಸೀಮೆಎಣ್ಣೆಯ ಸಾಲಿನ ಪದ್ಯದಿಂದ ಮುಂದಕ್ಕೆ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಭಾಮಿನಿಯ ನಡಿಗೆ ತಪ್ಪಿಲ್ಲ. ತಲೆ ತಗ್ಗಿಸಿದ್ದ ಆ ಹುಡುಗ ಪಾಠವನ್ನು ಕೇಳಿಸಿಕೊಳ್ಳುತ್ತಿದ್ದನು.

ಆ ವರ್ಷದ ನಿಮ್ಮಲ್ಲಿ ಯಾರಿಗಾದರೂ ಅವನ ಸಂಪರ್ಕವಿದ್ದರೆ ಒಂದು ಮಾತು ತಿಳಿಸಿರಿ. ನೋಟುಪುಸ್ತಕ ನನ್ನಲ್ಲಿ ಜೋಪಾನವಾಗಿದೆ, ಒಂದು ಹಾಳೆಯೂ ಹರಿದಿಲ್ಲ. ಅವನು ಎಲ್ಲಿದ್ದರೂ ನಾನೇ ಹೋಗಿ ಕೊಟ್ಟು ಬರುತ್ತೇನೆ. ನನ್ನ ಮೇಲಿನ ಆ ನಾಲ್ಕು ಸಾಲು ಈಗ ನನಗೆ ಬಾಯಿಪಾಠವಾಗಿವೆ ಎಂದೂ ಹೇಳಿರಿ.