ಗಾಳಿಯನ್ನು ಕೇಳಿ ದಡ ಆರಿಸಿ

ನಮ್ಮೂರಿನ ಅಂಚಿನ ಕೆರೆಯಲ್ಲಿ ಎಲ್ಲರಿಗೂ ತೆರೆದಿರುವ ಹಾಯಿದೋಣಿ ಕೇಂದ್ರವೊಂದನ್ನು ಕಟ್ಟುವ ಮಾತು ಕಡೆಗೂ ನಕ್ಷೆಯ ಹಂತಕ್ಕೆ ಬಂದಿದೆ. ಹಾಯಿಯ ಹಗ್ಗ ಕೈಗೆ ಸಿಕ್ಕ ಮೇಲೆ ಭಾನುವಾರಗಳನ್ನು ಇನ್ಯಾವುದಕ್ಕೂ ಕೊಡದ ನನಗೆ ಇದಕ್ಕಿಂತ ಸಂತೋಷ ಬೇರೆ ಬೇಕೆ? ಕೇಂದ್ರದ ಸಮಿತಿಯವರು ನಕ್ಷೆ ಬಿಡಿಸಿ ತೋರಿಸಿದರು. ಮೊದಲ ಹಾಳೆಯಲ್ಲಿ ಗಾಜಿನ ಗೋಡೆಯ ಎರಡಂತಸ್ತಿನ ಕಟ್ಟಡ. ಎರಡನೆಯದರಲ್ಲಿ ಕೆಫೆ. ಮೂರನೆಯದರಲ್ಲಿ ಪಾರ್ಕಿಂಗ್. ದೋಣಿ ನೀರಿಗಿಳಿಸುವ ರ್ಯಾಂಪ್ ಎಲ್ಲಿ ಎಂದು ಕೇಳಿದೆ. ಕೊನೆಯ ಹಾಳೆಯ ಮೂಲೆಯಲ್ಲಿ, ಪೂರ್ವದ ಏರಿಗೆ ತಗುಲಿಕೊಂಡಂತೆ ಬೆರಳುದ್ದದ ಗೆರೆಯೊಂದಿತ್ತು. “ರಸ್ತೆ ಅಲ್ಲಿಗೇ ಬರುತ್ತಲ್ಲ ಸಾರ್, ಅನುಕೂಲ” ಎಂದರು.

ರಸ್ತೆಗೆ ಅನುಕೂಲ, ನಿಜ. ಗಾಳಿಗೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೈಸೂರು ಸೀಮೆಯಲ್ಲಿ ಗಾಳಿ ಬೀಸುವುದು ಪಶ್ಚಿಮದಿಂದ, ನೈಋತ್ಯದಿಂದ. ಹಾಯಿ ಬಿಚ್ಚಲು ಅತ್ಯಂತ ಒಳ್ಳೆಯ ಕಾಲವದು. ಆ ಗಾಳಿ ಇಡೀ ಕೆರೆಯ ಮೇಲೆ ಓಡಿ ಬಂದು, ಅಲೆ ಎಬ್ಬಿಸಿ, ನೇರ ಪೂರ್ವದ ಏರಿಯ ಕಲ್ಲುಗಳಿಗೆ ಬಡಿಯುತ್ತದೆ. ಅಲ್ಲಿಂದ ದೋಣಿ ಇಳಿಸುವ ಹುಡುಗಿ ಮೊದಲ ಕ್ಷಣದಿಂದಲೇ ಎದುರುಗಾಳಿಗೆ ಅಡ್ಡಡ್ಡ ಹಾಯುತ್ತ ಏರಬೇಕು. ದಡದಲ್ಲಿ ನೀರು ಸಾಲದ್ದರಿಂದ ದೋಣಿಯ ತಳದಿಂದ ನೀರಿಗಿಳಿಸುವ ಹಲಗೆಯನ್ನು, ಅಂದರೆ ಡ್ಯಾಗರ್‌ಬೋರ್ಡನ್ನು, ಪೂರ್ತಿ ಇಳಿಸುವ ಹಾಗಿಲ್ಲ. ಅದು ಇಳಿಯದೆ ದೋಣಿ ಮುಂದೆ ಹೋಗದು, ಪಕ್ಕಕ್ಕೆ ಜಾರುತ್ತದೆ. ಜಾರಿ ಸೇರುವುದು ಮತ್ತೆ ಅದೇ ಕಲ್ಲಿಗೆ. ಕಲಿಯಲು ಬಂದವರನ್ನು ಮೊದಲ ದಿನವೇ ಓಡಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಇನ್ನು ಪಶ್ಚಿಮದ ದಡ. ಅನುಭವಸ್ಥ ತರಬೇತುದಾರರಲ್ಲಿ ಅನೇಕರಿಗೆ ಅದೇ ಇಷ್ಟ. ಮರಗಳ ಮರೆ ಇದೆ, ನೀರು ಸಮತಟ್ಟಾಗಿರುತ್ತದೆ, ದೋಣಿ ತಳ್ಳಿದರೆ ಸಾಕು, ಗಾಳಿಯೇ ಎತ್ತಿಕೊಂಡು ಹೋಗುತ್ತದೆ ಎನ್ನುತ್ತಾರೆ. ಹೋಗುತ್ತದೆ, ಸರಿ. ವಾಪಸು ಕರೆತರುವವರು ಯಾರು? ಎದುರುಗಾಳಿಗೆ ಏರಲು ಬಾರದ ಮಕ್ಕಳು ಕೆರೆಯ ಆಚೆ ತುದಿಯಲ್ಲಿ ಗುಂಪುಗೂಡುತ್ತಾರೆ. ಆಮೇಲೆ ಮೋಟಾರು ದೋಣಿ ಬಂದು ಒಂದೊಂದನ್ನೇ ಹಗ್ಗ ಕಟ್ಟಿ ಎಳೆದು ತರಬೇಕು. ಎಳೆಸಿಕೊಂಡು ಬಂದ ಮಗುವಿನ ಮುಖ ನೋಡಿದ್ದೀರಾ? ಹೋಗುವಾಗಿನ ಹಿಗ್ಗು ಅಲ್ಲಿ ಹುಡುಕಿದರೂ ಸಿಗದು. ಈ ವಿಷಯದಲ್ಲಿ ನಾನು ಯಾರೊಂದಿಗೂ ರಾಜಿಯಾಗಲಾರೆ.

ನನ್ನ ದಡ ಉತ್ತರದ್ದು. ದಕ್ಷಿಣದ್ದಾದರೂ ಸರಿಯೇ. ಅಲ್ಲಿ ಗಾಳಿ ದಡದ ಉದ್ದಕ್ಕೆ ಓಡುತ್ತದೆ. ದೋಣಿ ದಡ ಬಿಡುವಾಗಲೂ ಪಕ್ಕದ ಗಾಳಿ, ಮರಳುವಾಗಲೂ ಪಕ್ಕದ ಗಾಳಿ. ಹಾಯಿಯನ್ನು ಅರ್ಧ ಸಡಿಲಿಸಿ ಹಿಡಿದರೆ ಸಾಕು, ಹೊಸಬರೂ ಗುರುತಿನ ತೇಲುಬುರುಡೆಯವರೆಗೆ ಹೋಗಿ ತಾವೇ ತಿರುಗಿಸಿಕೊಂಡು ಬರುತ್ತಾರೆ. ನವೆಂಬರ್ ಹೊತ್ತಿಗೆ ಗಾಳಿ ಮೂಡಣಕ್ಕೆ ತಿರುಗಿದರೂ ಈ ದಡಕ್ಕೆ ಅದು ಪಕ್ಕದ ಗಾಳಿಯೇ. ಪಕ್ಕದ ಗಾಳಿಯಷ್ಟು ಸುಖ ಇನ್ನೊಂದಿಲ್ಲ. ಹಗ್ಗ ಅಂಗೈಯಲ್ಲಿ ಜಗ್ಗುತ್ತದೆ, ಚುಕ್ಕಾಣಿಯ ಹಿಡಿ ಸಣ್ಣಗೆ ನಡುಗುತ್ತದೆ, ತಳದಡಿ ಗುಳುಗುಳು ಎನ್ನುತ್ತಿದ್ದ ನೀರು ಇದ್ದಕ್ಕಿದ್ದಂತೆ ಸರ್ರನೆ ಹರಿಯತೊಡಗುತ್ತದೆ. ಆ ಸದ್ದು ಬದಲಾದ ಗಳಿಗೆಯಲ್ಲಿ ಮಕ್ಕಳು ಕೂಗುತ್ತಾರೆ. ಅದನ್ನು ಯಾರೂ ಅವರಿಗೆ ಹೇಳಿಕೊಟ್ಟಿರುವುದಿಲ್ಲ.

ಹಾಯಿ ಕಲಿಸುವಾಗ, ಗಾಳಿ ಎತ್ತಲಿಂದ ಎಂದು ತಿಳಿಯಲು ನಾನು ಧ್ವಜವನ್ನಾಗಲಿ ಫೋನನ್ನಾಗಲಿ ನೋಡಲು ಬಿಡುವುದಿಲ್ಲ. ಕಣ್ಣು ಮುಚ್ಚಿಸುತ್ತೇನೆ. ನಿಧಾನ ತಲೆ ತಿರುಗಿಸುತ್ತ ಹೋಗಿ, ಎರಡೂ ಕಿವಿಗೆ ಗಾಳಿಯ ಸದ್ದು ಸಮನಾಗಿ ಕೇಳಿದ ಕಡೆ ನಿಲ್ಲಿ, ನಿಮ್ಮ ಮೂಗಿನ ನೇರಕ್ಕೆ ಗಾಳಿ ಇದೆ ಎನ್ನುತ್ತೇನೆ. ಉದ್ದ ಕೂದಲಿನವರು ಕಿವಿ ಬಿಟ್ಟು ಜಡೆ ಕಟ್ಟಬೇಕು, ಅಷ್ಟೇ. ಹೀಗೆ ಕಲಿತವರು ಹಾಯಿಯ ಅಡಿಯ ಅಡ್ಡಕೋಲಾದ ಬೂಮ್ ತಲೆಯ ಮೇಲಿಂದ ಹಾಯುವ ಮೊದಲೇ ಬಗ್ಗುತ್ತಾರೆ. ಗಾಳಿ ಹೊರಳಿದ್ದು ಅವರ ಕಿವಿಗೆ ಮೊದಲು ಗೊತ್ತಾಗಿರುತ್ತದೆ. ನಕ್ಷೆ ಬರೆದವರು ಒಂದು ಸಂಜೆ ಆ ಏರಿಯ ಮೇಲೆ ಕಣ್ಣು ಮುಚ್ಚಿ ನಿಂತಿದ್ದರೆ ಸಾಕಾಗಿತ್ತು. ಅವರಲ್ಲಿ ಒಬ್ಬರೂ ನಿಂತಿಲ್ಲ. ಇದು ನನಗೆ ಸಹಿಸಲಾಗದ ಸಂಗತಿ. ಗಾಳಿಗಾಗಿ ಕಟ್ಟುವ ಜಾಗಕ್ಕೆ ಗಾಳಿಯನ್ನು ಬಿಟ್ಟು ಉಳಿದೆಲ್ಲವನ್ನೂ ಲೆಕ್ಕ ಹಾಕಿದ್ದಾರೆ.

ಇನ್ನೊಂದು, ನೀರಿನ ಮಟ್ಟ. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಬರಗಾಲದ ಬೇಸಿಗೆಯಲ್ಲಿ ಅದು 80ರ ಆಸುಪಾಸಿಗೆ ಇಳಿದದ್ದೂ ಉಂಟು. ಪತ್ರಿಕೆಯ ಮೂಲೆಯಲ್ಲಿ ಬರುವ ಆ ಅಂಕಿಯನ್ನು ರೈತರಷ್ಟೇ ಆತಂಕದಿಂದ ಓದುವ ಇನ್ನೊಂದು ಜಾತಿ ನಮ್ಮದು, ಯಾಕೆಂದರೆ ಹಿನ್ನೀರು ಹಿಂದೆ ಸರಿದಷ್ಟೂ ದೋಣಿಯನ್ನು ಕೆಸರಿನಲ್ಲಿ ಹೊತ್ತು ನಡೆಯಬೇಕು. ಸಣ್ಣ ಕೆರೆಯಲ್ಲೂ ಪಾಡು ಇದೇ. ಕೋಡಿ ಬಿದ್ದಾಗ ಅಳೆದು ಕಾಂಕ್ರೀಟಿನ ಜೆಟ್ಟಿ ಕಟ್ಟಿದರೆ ಏಪ್ರಿಲ್‌ನಲ್ಲಿ ಅದು ಒಣಗಿದ ಅಂಗಳದ ಮೇಲೆ ನಿಂತಿರುತ್ತದೆ. ನೀರಿನ ಜೊತೆ ಏರಿಳಿಯುವ ತೇಲುವ ಜೆಟ್ಟಿ, ಬೇಸಿಗೆಯ ಮಟ್ಟದವರೆಗೂ ಇಳಿಯುವ ಉದ್ದದ ರ್ಯಾಂಪ್, ದೋಣಿ ಇಡಲು ಒಂದು ಶೆಡ್, ಬಟ್ಟೆ ಬದಲಿಸಲು ಎರಡು ಕೋಣೆ, ಒದ್ದೆ ಹಾಯಿ ನೆರಳಲ್ಲಿ ಒಣಹಾಕಲು ಒಂದು ತಂತಿ. ಕೇಂದ್ರವೆಂದರೆ ಇಷ್ಟು. ಗಾಜಿನ ಗೋಡೆ ಬೇಡವೇ ಬೇಡ. ಎರಡಂತಸ್ತಿನ ಕಟ್ಟಡ ತನ್ನ ಬೆನ್ನ ಹಿಂದೆ ಎತ್ತರದ ಹತ್ತಾರು ಪಟ್ಟು ದೂರ ಗಾಳಿಯನ್ನು ಕಲಕಿಬಿಡುತ್ತದೆ.

ಸಾಮಾನ್ಯರಿಗೆ ಇದೆಲ್ಲ ಯಾಕೆ ಎಂದೂ ಒಬ್ಬರು ಕೇಳಿದರು. ಭೋಪಾಲದ ದೊಡ್ಡ ಕೆರೆಯನ್ನು ನೋಡಿ ಬನ್ನಿ ಎಂದೆ. ಅಲ್ಲಿ ಕಲಿತ, ದೇವಾಸ್ ಜಿಲ್ಲೆಯ ರೈತ ಕುಟುಂಬದ ನೇಹಾ ಠಾಕೂರ್ 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಐಎಲ್‌ಸಿಎ-4 ದೋಣಿಯಲ್ಲಿ ಬೆಳ್ಳಿ ಗೆದ್ದಳು. ಸಮುದ್ರದಿಂದ ಅಷ್ಟು ದೂರದ ಊರು! ಬಾಸ್ಟನ್ನಿನ ಚಾರ್ಲ್ಸ್ ನದಿಯಲ್ಲಿ 1946ರಲ್ಲಿ ಸಂಸ್ಥೆಯಾದ ಕಮ್ಯುನಿಟಿ ಬೋಟಿಂಗ್‌ನವರು ಮಕ್ಕಳಿಗೆ ಒಂದೇ ಡಾಲರ್ ಶುಲ್ಕವಿಟ್ಟು ದಶಕಗಟ್ಟಲೆ ನಡೆಸಿದರು. ಇಲ್ಲಿ ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಸೈನಿಕರ ಹಾಯಿಗಳನ್ನು ರಸ್ತೆಯಿಂದಲೇ ನೋಡಿ ನಿಂತ ಮಕ್ಕಳು ಎಷ್ಟು ಮಂದಿಯೋ. ಅವರು ನೀರಿಗಿಳಿಯಬೇಕು.

ಮೀನುಗಾರರ ಜೊತೆ ಜಗಳವಾಗುತ್ತದೆಂಬ ಭಯ ಸಮಿತಿಗೆ. ಆಗುವುದಿಲ್ಲ. ಅವರು ಸಂಜೆ ಬಲೆ ಬಿಟ್ಟು ಬೆಳಗಿನ ಜಾವ ಎತ್ತುತ್ತಾರೆ. ಅವರ ತೆಪ್ಪಕ್ಕೆ ನೀರು ಅಲುಗಾಡದಿರಬೇಕು. ನಮಗೆ ಬೇಕಾದ ಗಾಳಿ ಹುಟ್ಟುವುದು ಹನ್ನೊಂದರ ಮೇಲೆ, ನೆಲ ಕಾದ ನಂತರ. ಹಕ್ಕಿಗಳಿಗೂ ಮುಂಜಾವು ಉಳಿಯುತ್ತದೆ. ಕೆರೆಯೇ ತನ್ನ ದಿನವನ್ನು ಪಾಲು ಮಾಡಿ ಇಟ್ಟಿದೆ. ಬಲೆ ಇರುವಲ್ಲಿ ಒಂದು ಬಣ್ಣದ ಬುರುಡೆ ತೇಲಿಬಿಡಿ ಎಂದು ಅವರನ್ನು ಕೇಳಿಕೊಂಡರೆ ಮುಗಿಯಿತು.

ದೋಣಿಗಳನ್ನು ಫೈಬರ್‌ನಲ್ಲಿ ವಿದೇಶದಿಂದ ತರಿಸುವ ಅಂದಾಜುಪಟ್ಟಿಯೂ ನಕ್ಷೆಯ ಜೊತೆಗಿತ್ತು. ನಾನು ಬೇಡವೆಂದೆ. 1947ರಲ್ಲಿ ಫ್ಲಾರಿಡಾದ ಕ್ಲಾರ್ಕ್ ಮಿಲ್ಸ್ ಮಕ್ಕಳಿಗೆಂದು ಆಪ್ಟಿಮಿಸ್ಟ್ ದೋಣಿಯನ್ನು ರೂಪಿಸಿದಾಗ ಎಂಟು-ನಾಲ್ಕು ಅಡಿಯ ಎರಡು ಪ್ಲೈವುಡ್ ಶೀಟಿನಲ್ಲಿ ಮುಗಿಯುವಂತೆ ರೂಪಿಸಿದ್ದ. 1962ರಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಮಿರರ್ ದೋಣಿಯನ್ನು ಜನ ಮನೆಯ ಗ್ಯಾರೇಜಿನಲ್ಲಿ ಕಟ್ಟಿದರು. ಮಿರರ್ ದೋಣಿಗಳು ಒಟ್ಟು 70,000ಕ್ಕೂ ಹೆಚ್ಚು ಆದವು. ಹಲಗೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಅಂಟು ತುಂಬಿ, ಒಳಗೂ ಹೊರಗೂ ಗ್ಲಾಸ್‌ಫೈಬರ್ ಪಟ್ಟಿ ಅಂಟಿಸುವ ಕ್ರಮ ಅದು. ಐಎಸ್ 710 ಮರೀನ್ ಪ್ಲೈವುಡ್ ನಮ್ಮ ಪೇಟೆಯಲ್ಲೇ ಸಿಗುತ್ತದೆ.

ನಮ್ಮ ಬೀದಿಯ ಆಚಾರ್ರ ಅಂಗಡಿಯಲ್ಲಿ ಹೀಗೊಂದು ದೋಣಿ ಶುರುವಾಗಿದೆ. ಶಾಲೆ ಬಿಟ್ಟ ಮೇಲೆ ಐದಾರು ಮಕ್ಕಳು ಬಂದು ತಂತಿ ತಿರುಚುತ್ತಾರೆ. ಮೊದಲ ದಿನ ಆಚಾರ್ರು “ಇದಕ್ಕೆ ಮೊಳೆ ಎಲ್ಲಿ ಹೊಡೆಯೋದು ಸಾರ್?” ಎಂದಿದ್ದರು. ಮೊಳೆಯೇ ಇಲ್ಲವೆಂದಾಗ ನಂಬಲಿಲ್ಲ. ಈಗ ಚಪ್ಪಟೆ ಹಲಗೆಗಳು ತಂತಿ ಬಿಗಿದಂತೆಲ್ಲ ಬಾಗಿ ಹೊಟ್ಟೆ ತಳೆಯುವುದನ್ನು ಕಂಡು, ಒಂದೊಂದು ಗಂಟನ್ನೂ ತಾವೇ ಇಕ್ಕುಳ ಹಿಡಿದು ಪರೀಕ್ಷಿಸುತ್ತಾರೆ. ಮಕ್ಕಳು ಹೆಚ್ಚು ತಿರುಚಿ ತಂತಿ ತುಂಡರಿಸಿದರೆ ಬೈಯುತ್ತಾರೆ.

ಈಗ ನಮ್ಮಿಬ್ಬರ ಜಗಳ ಹಾಯಿಗಂಬದ್ದು. ಅವರಿಗೆ ಸರ್ವೆ ಮರದ ಕೊಂಬೇ ಆಗಬೇಕು. “ನೆಟ್ಟಗಿರುತ್ತೆ ಸಾರ್, ಮುರಿಯಲ್ಲ.” ಮುರಿಯುವುದಿಲ್ಲ, ಒಪ್ಪಿದೆ. ಆದರೆ ಭಾರ ಮೇಲಿದ್ದಷ್ಟೂ ದೋಣಿ ಮಗುಚುವುದು ಸುಲಭ, ಮಗುಚಿದ್ದನ್ನು ಎತ್ತುವುದು ಕಷ್ಟ. ಹತ್ತು ವರ್ಷದ ಮಗು ಡ್ಯಾಗರ್‌ಬೋರ್ಡ್ ಮೇಲೆ ನಿಂತು ತನ್ನ ತೂಕದಿಂದಲೇ ದೋಣಿಯನ್ನು ಎಬ್ಬಿಸಬೇಕು. ಅದಕ್ಕೆ ಅಲ್ಯೂಮಿನಿಯಂ ಪೈಪೇ ಸರಿ ಎನ್ನುತ್ತೇನೆ. ನಿನ್ನೆ ಅವರು ಸರ್ವೆ ಕೊಂಬನ್ನು ಕೆತ್ತಿ, ತುದಿ ಸಣ್ಣ ಮಾಡಿ, ತಕ್ಕಡಿಗೆ ಹಾಕಿ ತೋರಿಸಿದರು. ಇನ್ನೂ ಎರಡು ಕೆಜಿ ಇಳಿಸಿ ಆಚಾರ್ರೇ, ಆಮೇಲೆ ಮಾತಾಡೋಣ ಎಂದು ಬಂದಿದ್ದೇನೆ.