ನಾಯಿಮರಿಯನ್ನರಸಿ ಹೋದ ಭಾನುವಾರ

ಮಗಳ ಪರೀಕ್ಷೆ ಮುಗಿದೊಡನೆ ಮನೆಗೊಂದು ನಾಯಿಮರಿಯನ್ನು ತರುವೆವೆಂದು ನಾವು ಮಾತು ಕೊಟ್ಟಿದ್ದೆವು. ಪರೀಕ್ಷೆ ಮುಗಿಯಿತು, ಮಾತು ಹಾಗೆಯೇ ಉಳಿಯಿತು. ನಾವು ಹಿಂದುಮುಂದು ನೋಡಿದುದು ಕಾರಣವಿಲ್ಲದೆ ಅಲ್ಲ. ಎರಡು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಅಂಗಡಿಯಿಂದ ಬಿಳಿಯ ಮರಿಯೊಂದನ್ನು ಕೊಂಡು ತಂದಿದ್ದೆವು. ಅದು ನಮ್ಮ ಮನೆಯಲ್ಲಿ ಬಾಳಿದುದು ಒಂಬತ್ತೇ ದಿನ. ಐದನೆಯ ದಿನ ಅನ್ನವನ್ನು ಮುಟ್ಟಲಿಲ್ಲ. ಆರನೆಯ ದಿನ ವಾಂತಿಯೂ ರಕ್ತಭೇದಿಯೂ ಮೊದಲಾದುವು. ಪಶುವೈದ್ಯರು ಇದು ಪಾರ್ವೊ ಎಂಬ ವೈರಾಣುವಿನ ರೋಗವೆಂದರು. "ಸೋಂಕು ತಗಲಿದ ಮೂರರಿಂದ ಏಳು ದಿನಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ನಿಮ್ಮ ಮನೆಗೆ ಬರುವಾಗಲೇ ಮರಿಯ ಮೈಯಲ್ಲಿ ಇದು ಇದ್ದಿರಬೇಕು," ಎಂದು ಅವರು ಹೇಳಿದರು. ಅಂಗಡಿಯವನನ್ನು ಕೇಳಿದಾಗ, ಅರ್ಧ ಬೆಲೆಗೆ ಬೇರೊಂದು ಮರಿಯನ್ನು ಕೊಡುವೆನೆಂದನು. ನಾವು ಮಾತಿಲ್ಲದೆ ಹಿಂದಿರುಗಿದೆವು.

ಆ ದುಃಖ ಆರಿದ ಮೇಲೆ, ಈ ಬೇಸಗೆಯ ಒಂದು ಭಾನುವಾರ, ತಂದೆ ಮಗಳಿಬ್ಬರೂ ಮತ್ತೆ ಹೊರಟೆವು. ಕಬ್ಬನ್ ಉದ್ಯಾನದ ಬಳಿ ಇಳಿದು, ಮರಗಳ ನೆರಳಿನಲ್ಲಿ ಸ್ವಲ್ಪ ದೂರ ನಡೆದೆವು. ಅಲ್ಲಿ ಸರಕಾರದ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡವು ಕಣ್ಣಿಗೆ ಬಿತ್ತು. ಅದರೊಳಗೆ ಇರಿಸಿರುವ ಆತಕೂರಿನ ಕಲ್ಲನ್ನು ನಾವು ಹಲವು ವರ್ಷಗಳ ಹಿಂದೆ ನೋಡಿದ್ದೆವು. ನಾಯಿಯನ್ನರಸಿ ಹೊರಟವರಿಗೆ ಆ ಕಲ್ಲಿನ ನೆನಪು ಬರುವುದು ಸಹಜವಷ್ಟೆ. ಮಗುವಿಗೆ ಅದರ ಕಥೆಯನ್ನು ಹೇಳಿದೆವು.

ಹತ್ತನೆಯ ಶತಮಾನದ ಮಧ್ಯಭಾಗದಲ್ಲಿ ತಕ್ಕೋಲದ ಯುದ್ಧ ನಡೆಯಿತು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗನು ಕಾದಿದನು. ಬೂತುಗನ ಸೇವಕ ಮಣಲೇರನ ಶೌರ್ಯವನ್ನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದಾಗ, ಆ ವೀರನು ಬೇಡಿದುದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿಯು ಕಾಡುಹಂದಿಯೊಂದರ ಮೇಲೆ ಬಿದ್ದು ಹೋರಿತು, ಎರಡೂ ಮಡಿದುವು. ಆತಕೂರಿನ ದೇಗುಲದ ಮುಂದೆ ಆ ನಾಯಿಗಾಗಿ ಕಲ್ಲನ್ನು ನೆಡಿಸಿ, ಭೂಮಿಯನ್ನು ಬಿಟ್ಟು, ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡ ಗೊರವನಿಗೆ ಪಾಪವೆಂದು ಬರೆಸಿದರು. "ಹಾಗಾದರೆ ಆಗಲೂ ನಾಯಿಗೆ ಬೆಲೆ ಇತ್ತೇ ಅಪ್ಪಾ?" ಎಂದು ಮಗು ಕೇಳಿತು. ಬೆಲೆಯಲ್ಲ, ಮರ್ಯಾದೆ ಇತ್ತು ಎಂದೆವು. ಈ ಎರಡು ಮಾತುಗಳಿಗೆ ಇರುವ ಅಂತರವು ಒಂದು ಗಂಟೆಯೊಳಗೆ ನಮಗೇ ಅರ್ಥವಾಗಲಿತ್ತು.

ಶಿವಾಜಿನಗರದಲ್ಲಿ ೧೯೨೭ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯನ್ನು ನೋಡದವರು ಕಡಮೆ. ಹೂವು, ಹಣ್ಣು, ಮಾಂಸ, ಮೀನು, ಜನಜಂಗುಳಿ. ಅನತಿದೂರದಲ್ಲಿ ಸೇಂಟ್ ಮೇರಿಯ ದೇವಾಲಯದ ಎತ್ತರದ ಗೋಪುರ. ಅಲ್ಲಿಂದ ಕೆಲವು ಬೀದಿಗಳಾಚೆ ಒಂದು ಅಂಗಡಿಯನ್ನು ಹೊಕ್ಕೆವು. ಬಾಗಿಲಲ್ಲಿ ತೂಗುಹಾಕಿದ ಪಂಜರಗಳಲ್ಲಿ, ಜನರು 'ಲವ್ ಬರ್ಡ್ಸ್' ಎಂದು ಕರೆಯುವ, ಮೂಲತಃ ಆಸ್ಟ್ರೇಲಿಯದ ಪುಟ್ಟ ಗಿಳಿಗಳು ಒಂದರ ಮೇಲೊಂದು ಕುಳಿತಿದ್ದುವು. ರಟ್ಟಿನ ಪೆಟ್ಟಿಗೆಯೊಂದರಲ್ಲಿ ಹಸುರು, ಗುಲಾಬಿ ಬಣ್ಣಗಳಲ್ಲಿ ಅದ್ದಿ ತೆಗೆದ ಕೋಳಿಮರಿಗಳಿದ್ದುವು. ನಾವು ಹಕ್ಕಿಗಳ ಕಡೆ ನೋಡುವುದನ್ನು ಕಂಡು ಹುಡುಗನೊಬ್ಬನು ಹತ್ತಿರ ಬಂದು, "ಮಾತಾಡೋ ಗಿಳಿ ಬೇಕಾ ಸಾರ್? ಒಳಗಿದೆ," ಎಂದು ಮೆಲ್ಲನೆ ಕೇಳಿದನು. ನಮ್ಮ ನಾಡಿನ ಗಿಳಿಯನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅದನ್ನು ಬಲ್ಲವನಾದುದರಿಂದಲೇ ಅವನ ದನಿ ತಗ್ಗಿತ್ತು.

ನಾಯಿಮರಿಗಳು ಒಳಗಿದ್ದುವು. ತಂತಿಜಾಲರಿಯ ನೆಲದ ಮೂರು ಗೂಡುಗಳು, ಒಂದರ ಮೇಲೊಂದು. ಮೇಲಿನವುಗಳ ಮಲಮೂತ್ರ ಕೆಳಗಿನವುಗಳ ಮೇಲೆ ಬೀಳದಂತೆ ತಗಡನ್ನಿಟ್ಟಿದ್ದರು, ಆದರೂ ಬಿದ್ದಿತ್ತು. ನೀರಿನ ಬಟ್ಟಲು ಒಣಗಿತ್ತು. ಜಾಲರಿಯ ಸಂದಿನಲ್ಲಿ ಎಳೆಯ ಕಾಲುಗಳು ಇಳಿಬೀಳುತ್ತಿದ್ದುವು. ವಯಸ್ಸೆಷ್ಟೆಂದು ಕೇಳಿದೆವು. "ನಲವತ್ತೈದು ದಿನ ಸಾರ್, ಹನ್ನೆರಡು ಸಾವಿರ," ಎಂದನು ಅಂಗಡಿಯವನು. ನಿಯಮದಂತೆ ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಅಷ್ಟು ದಿನ ಅದು ತಾಯಿಯ ಬಳಿಯಲ್ಲೂ ಒಡಹುಟ್ಟುಗಳೊಡನೆಯೂ ಇದ್ದು, ಕಚ್ಚುವುದಕ್ಕೂ ಆಡುವುದಕ್ಕೂ ಇರುವ ಮಿತಿಯನ್ನು ಕಲಿಯಬೇಕು. ತಾಯಿ ಎಲ್ಲಿ ಎಂದು ಕೇಳಿದುದಕ್ಕೆ, "ಅದು ಬೇರೆ ಊರಲ್ಲಿ," ಎಂಬ ಉತ್ತರ ಬಂದಿತು.

೨೦೧೮ರ ಸಾಕುಪ್ರಾಣಿ ಅಂಗಡಿಗಳ ನಿಯಮದಂತೆ ಇಂತಹ ಅಂಗಡಿಯು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಆ ಪತ್ರವನ್ನು ತೋರಿಸೆಂದಾಗ ಅಂಗಡಿಯವನು ನಕ್ಕನು. ಮೈ ಹೊರಳಿಸಲಾಗದಷ್ಟು ಚಿಕ್ಕ ಪಂಜರದಲ್ಲಿ ಪ್ರಾಣಿಯನ್ನಿಡುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಕ್ರೌರ್ಯವೆಂದೇ ಹೇಳಿದೆ. ನಾಟ್ಯಕಲೆಗೆ ಹೆಸರಾದ ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಪಟ್ಟುಹಿಡಿದು ಶ್ರಮಿಸಿದುದರ ಫಲವಾಗಿ ಬಂದ ಕಾಯಿದೆ ಅದು. ಆದರೆ ಮೊದಲನೆಯ ತಪ್ಪಿಗೆ ಅದು ವಿಧಿಸುವ ದಂಡ ಹತ್ತು ರೂಪಾಯಿಗಳಿಂದ ಐವತ್ತು ರೂಪಾಯಿಗಳವರೆಗೆ ಮಾತ್ರ. ಹನ್ನೆರಡು ಸಾವಿರದ ಮರಿಯನ್ನು ಮಾರುವವನಿಗೆ ಐವತ್ತು ರೂಪಾಯಿನ ಭಯವೆಷ್ಟು ಎಂಬುದನ್ನು ಓದುಗರೇ ಊಹಿಸಬಹುದು.

ಕೆಳಗಿನ ಗೂಡಿನ ಮೂಲೆಯಲ್ಲಿ ಒಂದು ಮರಿ ಮುದುಡಿ ಮಲಗಿತ್ತು. ಉಳಿದುವು ಮಗುವಿನ ಬೆರಳನ್ನು ನೆಕ್ಕಲು ನುಗ್ಗಿದರೂ ಅದು ತಲೆಯೆತ್ತಲಿಲ್ಲ. ಕಣ್ಣಿನಲ್ಲಿ ಪಿಸುರು ತುಂಬಿತ್ತು. ಮಗು ಅದರ ಮುಂದೆಯೇ ಕುಳಿತು, "ಇದನ್ನೇ ತೆಗೆದುಕೊಳ್ಳೋಣ ಅಪ್ಪಾ. ಇಲ್ಲದಿದ್ದರೆ ಇದು ಸತ್ತುಹೋಗುತ್ತದೆ," ಎಂದಿತು. ನಮ್ಮ ಕೈ ಜೇಬಿಗೆ ಹೋಯಿತೆಂಬುದನ್ನು ಮರೆಮಾಚುವುದಿಲ್ಲ. ಆಗ ಅಂಗಡಿಯವನು, ನಮಗೆ ಧೈರ್ಯ ಹೇಳುವವನಂತೆ, "ಯೋಚನೆ ಬೇಡ ಸಾರ್. ಇವತ್ತು ಇದು ಹೋದರೆ ಬುಧವಾರ ಬೇರೆ ಲಾಟ್ ಬರುತ್ತದೆ," ಎಂದನು.

ಆ ಒಂದು ಮಾತು ನಮ್ಮ ಕೈಯನ್ನು ತಡೆಯಿತು. ನಾವು ಕನಿಕರದಿಂದ ಕೊಡುವ ಹಣವು ಅವನಿಗೆ ಬರಿಯ ಹಣ. ಒಂದು ಮರಿಯನ್ನು ಬಿಡಿಸಿಕೊಂಡ ಬೆಲೆಯಿಂದ ಬುಧವಾರ ಅದೇ ಗೂಡಿಗೆ ಮತ್ತೊಂದು ಬರುವುದು. ಎಲ್ಲಿಯೋ ಕತ್ತಲೆಯ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ತಾಯಿಯು ಮತ್ತೊಮ್ಮೆ ಈಯುವುದು. ಎರಡು ವರ್ಷಗಳ ಹಿಂದೆ ನಾವು ಕೊಟ್ಟ ಹಣವೂ ಹೀಗೆಯೇ ಯಾವುದೋ ಗೂಡನ್ನು ತುಂಬಿಸಿರಬೇಕು. ಮಗುವನ್ನು ಎಬ್ಬಿಸಿಕೊಂಡು ಹೊರಗೆ ಬಂದೆವು. ಅದು ಬಸ್ ನಿಲ್ದಾಣದವರೆಗೂ ಅಳುತ್ತಲೇ ಇದ್ದಿತು. "ನಿಮಗೆ ಕರುಣೆಯಿಲ್ಲ" ಎಂದಿತು. ಉತ್ತರ ಕೊಡಲು ನಮಗೆ ಬಾಯಿ ಬರಲಿಲ್ಲ. ಮರುದಿನ ಅಂಗಡಿಯ ವಿವರಗಳನ್ನೆಲ್ಲ ಬರೆದು ಮಂಡಳಿಗೆ ದೂರನ್ನು ಕಳುಹಿಸಿದೆವು. ಆದರೆ ಆ ಮರಿ ಏನಾಯಿತೆಂಬುದು ನಮಗೆ ಇಂದಿಗೂ ತಿಳಿಯದು. ಅದರ ನೆನಪಾದಾಗಲೆಲ್ಲ ಮನಸ್ಸು ಕುಗ್ಗುತ್ತದೆ.

ಹಿಂದೆ ನಮ್ಮ ಮರಿಗೆ ಔಷಧ ಕೊಟ್ಟ ವೈದ್ಯರು ಯಲಹಂಕದಾಚೆಯ ಒಂದು ಆಶ್ರಯಶಾಲೆಯ ವಿಳಾಸವನ್ನು ಬರೆದುಕೊಟ್ಟಿದ್ದರು. ಆ ಚೀಟಿ ಚೀಲದಲ್ಲಿತ್ತು. ಹೆಬ್ಬಾಳದ ಮಾರ್ಗವಾಗಿ ಬಸ್ಸಿನಲ್ಲಿ ಅಲ್ಲಿಗೆ ಹೊರಟೆವು. ಅನಾಥಪ್ರಾಣಿಗಳ ಸೇವೆ ಬೆಂಗಳೂರಿಗೆ ಹೊಸದಲ್ಲ. ಕ್ರಿಸ್ಟಲ್ ರಾಜರ್ಸ್ ಎಂಬ ಇಂಗ್ಲಿಷ್ ಮಹಿಳೆಯು ಇಳಿವಯಸ್ಸಿನಲ್ಲಿ ಇಲ್ಲಿಗೆ ಬಂದು, ೧೯೯೧ರಲ್ಲಿ 'ಕ್ಯೂಪಾ' ಎಂದು ಪ್ರಸಿದ್ಧವಾದ ಸಂಸ್ಥೆಯನ್ನು ಸ್ಥಾಪಿಸಿದರು. ಅದಕ್ಕೆ ಮೊದಲು ದೆಹಲಿ, ಜಯಪುರಗಳಲ್ಲಿಯೂ ಇದೇ ಕೆಲಸವನ್ನು ಮಾಡಿದ್ದರು. ಈಗ ನಗರದ ಸುತ್ತ ಇಂತಹ ಆಶ್ರಯಗಳು ಹಲವಿವೆ.

ನಾವು ಹೋದ ಆಶ್ರಯವನ್ನು ಸ್ವರ್ಗವೆಂದು ವರ್ಣಿಸಿದರೆ ಸುಳ್ಳಾದೀತು. ತಗಡಿನ ಮಾಡು, ಕಿವಿ ಕಿವುಡಾಗುವಂತಹ ಬೊಗಳುವಿಕೆ, ಫಿನೈಲಿನ ವಾಸನೆ, ಇರುವ ಜಾಗಕ್ಕೆ ಹೆಚ್ಚಾದ ನಾಯಿಗಳು. ಆದರೆ ನೆಲ ತೊಳೆದಿತ್ತು, ನೀರಿತ್ತು, ನಾಯಿಗಳು ಓಡಾಡುತ್ತಿದ್ದುವು. ನಮ್ಮನ್ನು ಬೆರಗುಗೊಳಿಸಿದುದೆಂದರೆ, ಅಲ್ಲಿದ್ದುವು ಬೀದಿನಾಯಿಗಳಷ್ಟೇ ಅಲ್ಲ. ಹಿಮದ ನಾಡಿಗೆಂದು ದಟ್ಟ ತುಪ್ಪಳ ಬೆಳೆದ ಹಸ್ಕಿಯೊಂದು ಏಪ್ರಿಲಿನ ಸೆಕೆಗೆ ನಾಲಗೆ ಚಾಚಿ ಮಲಗಿತ್ತು. ಕೊಂಡವರು ಅದನ್ನು ಹೆದ್ದಾರಿಯಲ್ಲಿ ಬಿಟ್ಟುಹೋಗಿದ್ದರು. ಚಪ್ಪಟೆ ಮೂಗಿನ ಪಗ್ ಒಂದು ಗೊರಗೊರನೆ ಉಸಿರೆಳೆಯುತ್ತಿತ್ತು. ೨೦೦೩ರಲ್ಲಿ ಒಂದು ಮೊಬೈಲ್ ಕಂಪನಿಯ ಜಾಹೀರಾತು ಆ ಜಾತಿಯನ್ನು ಮನೆಮನೆಯ ಆಸೆಯನ್ನಾಗಿ ಮಾಡಿತು. ಉಸಿರಿನ ತೊಂದರೆ ಆ ಮುಖದ ರಚನೆಯಲ್ಲಿಯೇ ಇದೆಯೆಂದು ಕೊಂಡವರಿಗೆ ಯಾರೂ ಹೇಳಲಿಲ್ಲ. ಮೊಲೆಗಳು ಜೋತುಬಿದ್ದ ಲ್ಯಾಬ್ರಡಾರ್ ಒಂದು ಗೋಡೆಗೆ ಒತ್ತಿಕೊಂಡು ನಿಂತಿತ್ತು. ಹೆತ್ತು ಹೆತ್ತು ಸೋತ ಮೇಲೆ ಮಾರಾಟಗಾರರು ಹೊರಹಾಕಿದ ತಾಯಿ ಅದು. ೨೦೨೨ರಲ್ಲಿ ನಾಡೆಲ್ಲ '೭೭೭ ಚಾರ್ಲಿ' ಚಲನಚಿತ್ರವನ್ನು ನೋಡಿ ಕಣ್ಣೀರಿಟ್ಟಿತಲ್ಲವೆ? ಆ ಕಥೆಯ ಚಾರ್ಲಿಯೂ ಇಂತಹ ಮಾರಾಟಗಾರನಿಂದಲೇ ತಪ್ಪಿಸಿಕೊಂಡು ಬಂದವಳು. ಬೆಳಗ್ಗೆ ನಾವು ಕೇಳಿದ "ತಾಯಿ ಎಲ್ಲಿ?" ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ದೊರೆಯಿತು.

ಆಶ್ರಯವನ್ನು ನೋಡಿಕೊಳ್ಳುವ ತಾಯಿಯವರಿಗೆ ಬೆಳಗಿನ ಸಂಗತಿಯನ್ನು ತಿಳಿಸಿದೆವು. ಅವರು ಮಗುವನ್ನು ಹತ್ತಿರ ಕರೆದು ಹೇಳಿದರು: "ಪುಟ್ಟೀ, ಅಂಗಡಿಯ ಗೂಡು ಬರಿದಾದರೆ ಅದನ್ನು ತುಂಬಲು ಇನ್ನೊಂದು ಮರಿಯನ್ನು ಹುಟ್ಟಿಸುತ್ತಾರೆ. ನಮ್ಮಲ್ಲಿ ಒಂದು ಗೂಡು ಬರಿದಾದರೆ, ಜಾಗವಿಲ್ಲದೆ ಹೊರಗೆ ಬಿದ್ದಿರುವ ಇನ್ನೊಂದಕ್ಕೆ ಆಸರೆಯಾಗುತ್ತದೆ. ಅಪ್ಪ ಮಾಡಿದ್ದು ಕಷ್ಟದ ಕೆಲಸ, ತಪ್ಪು ಕೆಲಸವಲ್ಲ." ನಾವು ದಾರಿಯುದ್ದಕ್ಕೂ ಹುಡುಕುತ್ತಿದ್ದ ಮಾತು ಇದೇ ಆಗಿತ್ತು. ಮಗು ನಮ್ಮ ಕೈಯನ್ನು ಹಿಡಿದುಕೊಂಡಿತು.

ಅಂಗಡಿಯಲ್ಲಿ ಹಣವನ್ನು ಮಾತ್ರ ಕೇಳಿದ್ದರು. ಇಲ್ಲಿ ಹಣವನ್ನು ಬಿಟ್ಟು ಮಿಕ್ಕುದನ್ನೆಲ್ಲ ಕೇಳಿದರು. ಮನೆ ಸ್ವಂತದ್ದೋ ಬಾಡಿಗೆಯದೋ, ಹಗಲಲ್ಲಿ ಯಾರಿರುವರು, ಊರಿಗೆ ಹೋದರೆ ನೋಡಿಕೊಳ್ಳುವವರಾರು, ಹನ್ನೆರಡು ಹದಿನೈದು ವರ್ಷ ಸಾಕುವ ಮನಸ್ಸಿದೆಯೇ, ಮನೆಯವರೆಲ್ಲರ ಒಪ್ಪಿಗೆ ಇದೆಯೇ. ಮನೆಯಾಕೆಯನ್ನು ದೂರವಾಣಿಯಲ್ಲಿ ಮಾತನಾಡಿಸಿದರು. ಮುಂದಿನ ವಾರ ಒಬ್ಬರು ಬಂದು ಮನೆಯನ್ನು ನೋಡಿ ಹೋದರು. ಇಂತಹ ವಿಚಾರಣೆಯಿಂದ ಕೆಲವರಿಗೆ ಬೇಸರವಾಗಬಹುದು. ಹೆಣ್ಣನ್ನು ಕೊಡುವವರು ಕೇಳಬಹುದಾದರೆ, ಬಾಯಿಲ್ಲದ ಜೀವವನ್ನು ಕೊಡುವವರು ಕೇಳಬಾರದೇಕೆ?

ಮಗು ಆರಿಸಿದುದು ಕಂದುಬಣ್ಣದ, ಎರಡು ವರ್ಷದ, ಒಂದು ಕಾಲು ತುಸು ಕುಂಟುವ ನಾಡನಾಯಿಯನ್ನು. ಅದಕ್ಕೆ ಚುಚ್ಚುಮದ್ದುಗಳಾಗಿದ್ದುವು, ಮರಿಹಾಕದಂತೆ ಶಸ್ತ್ರಚಿಕಿತ್ಸೆಯೂ ಆಗಿತ್ತು. ಮೊದಲ ಹತ್ತು ದಿನ ಅದು ಮಂಚದ ಕೆಳಗಿನಿಂದ ಹೊರಗೆ ಬರಲಿಲ್ಲ. ಪೊರಕೆಯನ್ನು ಕಂಡರೆ ನಡುಗುತ್ತಿತ್ತು. ಒಂದು ಜೊತೆ ಚಪ್ಪಲಿಯೂ ಹೋಯಿತು. ಹನ್ನೊಂದನೆಯ ದಿನ ಸಂಜೆ ತಾನಾಗಿ ಬಂದು ಮನೆಯಾಕೆಯ ಪಾದದ ಮೇಲೆ ಗದ್ದವನ್ನಿಟ್ಟು ಮಲಗಿತು. ಅನ್ನ, ಮೊಟ್ಟೆ, ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಚುಚ್ಚುಮದ್ದು, ದಿನಕ್ಕೆರಡು ಬಾರಿ ತಿರುಗಾಟ. ಅದಕ್ಕೆ ಬೇಕಾದುದು ಇಷ್ಟೆ. ನಮ್ಮ ಹವೆಗೆ ಒಗ್ಗಿದ ಮೈ, ಸೆಕೆಯ ಚಿಂತೆಯಿಲ್ಲ.

ಮಕ್ಕಳ ಹುಟ್ಟುಹಬ್ಬಕ್ಕೆಂದು ಮರಿಯನ್ನು ಕೊಳ್ಳಲು ಹೊರಡುವ ಗೃಹಸ್ಥರಲ್ಲಿ ನಮ್ಮದೊಂದು ಬಿನ್ನಹ. ಹೊರಡುವ ಮುನ್ನ ಒಂದು ದಿನ ಯಾವುದಾದರೂ ಆಶ್ರಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿರಿ. ಸಾಕಲು ಅನುಕೂಲವಿಲ್ಲವೆಂದು ತೋರಿದರೆ, ಒಂದು ಚೀಲ ಅಕ್ಕಿಯನ್ನೋ ಹಳೆಯ ಕಂಬಳಿಯನ್ನೋ ಕೊಟ್ಟು ಬನ್ನಿರಿ, ಅದೂ ಉಪಕಾರವೇ. ಅಂಗಡಿಯಲ್ಲಿ ನರಳುವ ಮರಿಯನ್ನು ಕಂಡರೆ ದೂರು ಕೊಡಿರಿ, ಹಣವನ್ನು ಕೊಡಬೇಡಿರಿ.

ನಾಯಿಗೆ ಮಗುವೇ ಹೆಸರಿಟ್ಟಿತು: ಕಾಳಿ. ಬಣ್ಣ ಕಪ್ಪಲ್ಲವಲ್ಲಾ ಎಂದು ಬಂದವರು ಕೇಳುತ್ತಾರೆ. ಆಗ ಮಗು ಅವರನ್ನು ಕೂರಿಸಿ, ಆತಕೂರಿನ ಕಲ್ಲಿನ ಕಥೆಯನ್ನು ಮೊದಲಿನಿಂದ ಹೇಳುತ್ತದೆ. ಕಾಳಿಯು ಬಾಗಿಲಲ್ಲಿ ಮಲಗಿ ಕೇಳುತ್ತಿರುತ್ತದೆ.